ಸೀಟುಮೀಮಾಂಸೆ

ಶಾಸ್ತ್ರಗ್ರಂಥದ ಆರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳುವುದು ಹಿರಿಯರ ಕ್ರಮ. ಪ್ರಸ್ತುತ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿ ಸಿಇಟಿಯಲ್ಲಿ ಆರಂಕಿ ರ‍್ಯಾಂಕು ತಂದ ಮಗಳ ತಂದೆ. ವಿಷಯ, ಹೆದ್ದಾರಿ ಪಕ್ಕದ ಪುಟ್ಟ ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸೀಟು. ಸಂಬಂಧ, ಟ್ರಸ್ಟಿಯ ಡ್ರೈವರನ್ನು ಬಲ್ಲ ಭಾವಮೈದುನ. ಪ್ರಯೋಜನವನ್ನು ಕೊನೆಯಲ್ಲಿ ವಿಚಾರಿಸಲಾಗುವುದು. ಕಾಲೇಜಿನ ಕ್ರಮವೂ ಅದೇ.

ಸೀಟು ಸ್ವರೂಪತಃ ಒಂದೇ. ಉಪಾಧಿಭೇದದಿಂದ ಮಾತ್ರ ಸಿಇಟಿ, ಕಾಮೆಡ್‌ಕೆ, ಮ್ಯಾನೇಜ್‌ಮೆಂಟ್ ಎಂದು ಮೂರಾಗಿ ತೋರುತ್ತದೆ. ನೂರರಲ್ಲಿ ಸಾಮಾನ್ಯವಾಗಿ 45, 30, 25ರ ಹಂಚಿಕೆ. ಮೂರೂ ಬಗೆಯವರು ಒಂದೇ ಬೆಂಚಿನಲ್ಲಿ ಕೂತು, ಅದೇ ಮೇಷ್ಟರ ಅದೇ ಪಿಪಿಟಿ ನೋಡಿ, ಒಟ್ಟಿಗೇ ಆಕಳಿಸುತ್ತಾರೆ. ಆಕಳಿಕೆಯಲ್ಲಿ ಅಭೇದ, ಫೀಸಿನಲ್ಲಿ ಭೇದ. ಹೀಗಾಗಿ ಈ ಬೆಂಚನ್ನು ಅದ್ವೈತಿಗಳೂ ದ್ವೈತಿಗಳೂ ತಮ್ಮ ತಮ್ಮ ಪಕ್ಷಕ್ಕೆ ಸಾಕ್ಷಿಯಾಗಿ ಕರೆಯಬಹುದು.

ಪರೀಕ್ಷಾ ಪ್ರಾಧಿಕಾರದವರು ಸೀಟು ಹಂಚುವಾಗ ಕೊಡುವ ನಾಲ್ಕು ಚಾಯ್ಸ್‌ಗಳು ನಾಲ್ಕು ಆಶ್ರಮಗಳಲ್ಲದೆ ಬೇರೆಯಲ್ಲ. ಮೊದಲನೆಯದು, ಸಿಕ್ಕಿದ್ದೇ ಸಾಕೆಂದು ಹೋಗಿ ಸೇರುವುದು. ಎರಡನೆಯದು, ಸಿಕ್ಕಿದ್ದನ್ನು ಕೈಬಿಡದೆ ಇನ್ನೂ ಒಳ್ಳೆಯದರ ಮೇಲೆ ಕಣ್ಣಿಡುವುದು. ಇದು ಶುದ್ಧ ಗೃಹಸ್ಥಧರ್ಮ. ಮೂರನೆಯದು, ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ತಪಸ್ಸು ಮಾಡುವುದು. ನಾಲ್ಕನೆಯದು ಸಂನ್ಯಾಸ. ಆದರೆ ನಾಲ್ಕನ್ನು ಒತ್ತಿದ ಕುಟುಂಬ ಅದೇ ಸಂಜೆ ಮ್ಯಾನೇಜ್‌ಮೆಂಟ್ ಕೋಟಾದ ಬಾಗಿಲಲ್ಲಿ ಕಾಣಿಸಿಕೊಳ್ಳುವುದರಿಂದ, ಸಂನ್ಯಾಸದಿಂದ ಪುನರ್ಜನ್ಮ ತಪ್ಪುತ್ತದೆಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಇನ್ನು ಶುಲ್ಕಕಾಂಡ. ಕ್ಯಾಪಿಟೇಶನ್ ಕೂಡದೆಂದು ನಮ್ಮ ರಾಜ್ಯ 1984ರಲ್ಲೇ ಕಾಯ್ದೆ ಮಾಡಿತು. ಅದೇ ಕಾಯ್ದೆಯ ಅಡಿಯಲ್ಲಿ 1989ರ ಜೂನ್ 5ರಂದು ಬಂದ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000. ಮೀರತ್ತಿನ ವಿದ್ಯಾರ್ಥಿನಿಯೊಬ್ಬರು ಕೋರ್ಟಿಗೆ ಹೋದರು. 1992ರ ಮೋಹಿನಿ ಜೈನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಇದು ವೇಷ ಮರೆಸಿಕೊಂಡ ಕ್ಯಾಪಿಟೇಶನ್ನೇ ಎಂದಿತು. ಆಗ ಈ ಅರವತ್ತು ಸಾವಿರವಲ್ಲದೆ ನಾಲ್ಕೂವರೆ ಲಕ್ಷವನ್ನೂ ಕೇಳಿದ್ದರೆಂಬ ಆರೋಪವಿತ್ತು, ಆಡಳಿತ ಮಂಡಳಿ ಅದನ್ನು ಅಲ್ಲಗಳೆದಿತ್ತು. ನಮ್ಮ ಶಾಸ್ತ್ರದ ದೃಷ್ಟಿಯಲ್ಲಿ ತೀರ್ಪಿಗಿಂತ ಈ ಅಲ್ಲಗಳೆಯುವಿಕೆಯೇ ಮುಖ್ಯ ಆಕರ. ಮುಂದೆ 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳು ಕೂತು, ಲಾಭಕೋರತನ ಸಲ್ಲದು, ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ಮಿಗತೆ ಸಲ್ಲುತ್ತದೆ ಎಂದರು. 2005ರ ಇನಾಂದಾರ್ ತೀರ್ಪು ಅನಿವಾಸಿಗಳಿಗೆ ಶೇಕಡ 15ರವರೆಗೆ ದಾರಿ ಬಿಟ್ಟಿತು. ದುಬೈಯಲ್ಲಿ ಅಂಗಡಿ ಇಟ್ಟಿರುವ ಸೋದರಮಾವಂದಿರ ಮೇಲೆ ಜನರಿಗೆ ಹಠಾತ್ತನೆ ಪ್ರೀತಿ ಉಕ್ಕಿದ್ದನ್ನು ಇದರ ಅನಂತರದ ಬೆಳವಣಿಗೆ ಎಂದು ಕೆಲವರು ವ್ಯಾಖ್ಯಾನಿಸುತ್ತಾರೆ.

ಪೂರ್ವಪಕ್ಷದವರು ಕೇಳುತ್ತಾರೆ: ನಿಷೇಧ ಇರುವಾಗ ಡೊನೇಶನ್ ಇದೆಯೆನ್ನಲು ಪ್ರಮಾಣವೇನು? ಪ್ರತ್ಯಕ್ಷ ಸಲ್ಲದು. ಏಕೆಂದರೆ ಅಡ್ಮಿಶನ್ ಕೋಣೆಗೆ ಕಾಲಿಡುವಾಗಲೇ "ಫೋನು ಈ ಟ್ರೇನಲ್ಲಿ ಇಟ್ಟು ಬನ್ನಿ ಸರ್" ಎನ್ನುತ್ತಾರೆ. ಮೇನೇಜರು ಹಳೇ ಹಾಲ್ ಟಿಕೆಟ್ಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದಂಕಿ ಬರೆದು, ಮೇಜಿನ ಮೇಲೆ ತಿರುಗಿಸಿ ತೋರಿಸಿ, ತಂದೆಯ ಹುಬ್ಬು ಏರಿದ್ದನ್ನು ಗಮನಿಸಿ, ರಬ್ಬರಿನಿಂದ ಅಳಿಸುತ್ತಾರೆ. ಪೆನ್ಸಿಲ್ ಯಾಕೆಂದರೆ ಇದೇ ಹಾಲ್ ಟಿಕೆಟ್ ಮುಂದಿನ ತಂದೆಗೂ ಬೇಕು. ಶಬ್ದಪ್ರಮಾಣವೂ ಸಲ್ಲದು: ರಸೀದಿಯಲ್ಲಿ ಟ್ಯೂಷನ್ ಫೀ, ಯೂನಿವರ್ಸಿಟಿ ಫೀ, ಲ್ಯಾಬು, ಲೈಬ್ರರಿ, ಸ್ಕಿಲ್ ಡೆವಲಪ್‌ಮೆಂಟ್, ಕಡೆಗೆ 'ಇತರೆ' ಇದೆ, ಡೊನೇಶನ್ ಇಲ್ಲ. ಉಳಿದದ್ದು ಅರ್ಥಾಪತ್ತಿ. ಹಗಲು ಊಟ ಮಾಡದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ತಿಳಿಯಬೇಕೆಂಬುದು ಮೀಮಾಂಸಕರ ಹಳೆಯ ಉದಾಹರಣೆ. ಟ್ರಸ್ಟು ಲಾಭವಿಲ್ಲದ ಸೇವೆ ಮಾಡುತ್ತಿದೆ; ಅದರ ಕಟ್ಟಡ ವರ್ಷಕ್ಕೊಂದು ಮಹಡಿ ಏರುತ್ತಿದೆ. ಮುಂದಿನದನ್ನು ಓದುಗರೇ ಊಹಿಸಿಕೊಳ್ಳಲಿ, ನಮಗೂ ಆ ಕಾಲೇಜಿನಲ್ಲಿ ಪರಿಚಯದವರಿದ್ದಾರೆ.

ಬೋಧನೆಯ ವಿಚಾರ ಸಂಕ್ಷಿಪ್ತ. ವಿಟಿಯು ನಿಯಮದಂತೆ ಪದವಿಗೆ ನೂರು ಆಕ್ಟಿವಿಟಿ ಪಾಯಿಂಟು ಬೇಕಾದ್ದರಿಂದ, ಒಂದೇ ಸಸಿಯ ಸುತ್ತ ನಲವತ್ತು ಮಂದಿ ನಿಂತು ಫೋಟೊ ತೆಗೆಸಿಕೊಳ್ಳುವ ವನಮಹೋತ್ಸವಗಳು ನಡೆಯುತ್ತವೆ. ಲ್ಯಾಬ್ ರೆಕಾರ್ಡುಗಳು ಸೀನಿಯರಿಂದ ಜೂನಿಯರಿಗೆ, ಗುರುಶಿಷ್ಯ ಪರಂಪರೆಯಲ್ಲಿ, ಅಕ್ಷರದೋಷ ಸಮೇತ ಇಳಿದುಬರುತ್ತವೆ. ನ್ಯಾಕ್ ತಂಡ ಬರುವ ವಾರ ಗ್ರಂಥಾಲಯದ ಬೀಗ ತೆರೆದಿರುತ್ತದೆ.

ಈಗ ಫಲ. ಗೇಟಿನ ಫ್ಲೆಕ್ಸು ಸಾರುತ್ತದೆ: ಪ್ಲೇಸ್‌ಮೆಂಟ್ ನೂರಕ್ಕೆ ನೂರು. ಇದು ಸುಳ್ಳೆನ್ನುವವರು ಭಾಗಾಕಾರದ ಸೂಕ್ಷ್ಮ ಅರಿಯದವರು. ಒಂದು ಸೆಕ್ಷನ್ನಿನಲ್ಲಿ 60 ಮಂದಿ ಎಂದಿಟ್ಟುಕೊಳ್ಳಿ. ಬ್ಯಾಕ್‌ಲಾಗ್ ಉಳಿಸಿಕೊಂಡ 24 ಮಂದಿ ಅನರ್ಹರು, ಕಳೆಯಿರಿ. ಕಂಪನಿಗಳು ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ 60 ಪರ್ಸೆಂಟ್ ಕೇಳುವುದರಿಂದ 10 ಮಂದಿಯನ್ನು ಕಳೆಯಿರಿ. 'ಉನ್ನತ ವ್ಯಾಸಂಗದಲ್ಲಿ ಆಸಕ್ತಿ' ಎಂಬ ಕಾಗದಕ್ಕೆ ಏಳನೇ ಸೆಮಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡ 6 ಮಂದಿಯನ್ನೂ ಕಳೆದರೆ ಛೇದದಲ್ಲಿ ಉಳಿಯುವುದು 20. ಅಂಶದಲ್ಲಿ ಎಣಿಸುವುದು ತಲೆಯನ್ನಲ್ಲ, ಆಫರ್ ಲೆಟರನ್ನು. 11 ಮಂದಿಗೆ ಸೇರಿ 20 ಲೆಟರು ಬಂದಿವೆ. ಫ್ಲೆಕ್ಸಿನಲ್ಲಿ ಒಬ್ಬಳೇ ಹುಡುಗಿ ಮೂರು ಕಂಪನಿಗಳ ಕೆಳಗೆ ಮೂರು ಸಲ ನಗುತ್ತಿರುವುದು ಅದಕ್ಕೇ. ಇಪ್ಪತ್ತಕ್ಕೆ ಇಪ್ಪತ್ತು, ಶೇಕಡ ನೂರು. ಕಾಣದ್ದು ಇಲ್ಲವೆಂದೇ ಲೆಕ್ಕ. ಇದಕ್ಕೆ ಅನುಪಲಬ್ಧಿ ಪ್ರಮಾಣವೆಂದು ಹೆಸರು.

ಇನ್ನೊಬ್ಬ ತಂದೆ ಪ್ಲೇಸ್‌ಮೆಂಟ್ ಆಫೀಸರನ್ನು ಕೇಳಿದ್ದುಂಟು: "ನಮ್ಮ ಹುಡುಗಿ ಬಿಟಿಎಂ ಲೇಔಟ್‌ನಲ್ಲಿ ಪಿಜಿ ಹಿಡಿದು ಜಾವಾ ಕೋರ್ಸಿಗೆ ದುಡ್ಡು ಕಟ್ಟಿ ಕಲೀತಿದಾಳಲ್ಲ ಸಾರ್, ಅವಳು ಯಾವ ಲೆಕ್ಕದಲ್ಲಿದಾಳೆ?"

ಆಫೀಸರು ರಿಜಿಸ್ಟರ್ ತಿರುವಿ, ಬೆರಳಿಟ್ಟು ತೋರಿಸಿದರು. "ಇಲ್ಲೇ ಇದಾರಲ್ಲ ಸರ್. ಉನ್ನತ ವ್ಯಾಸಂಗ."