ಸ್ಟಿಕರ್ ಮೇಲೆ ಸ್ಟಿಕರ್

ಯಲಹಂಕ ನ್ಯೂಟೌನಿನ ನಮ್ಮ ದರ್ಶಿನಿಯ ಬೆಲೆಪಟ್ಟಿಯಲ್ಲಿ ಮಸಾಲೆ ದೋಸೆಯ ಮುಂದೆ ಸ್ಟಿಕರ್ ಮೇಲೆ ಸ್ಟಿಕರ್. ಉಗುರಲ್ಲಿ ಕೆರೆದರೆ ಸೋವಿ ಕಾಲವೆಲ್ಲ ಪದರಪದರವಾಗಿ ಎದ್ದು ಬರುತ್ತೆ. 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಸರಿ. ಲೋಟಕ್ಕೆ 100 ಎಂಎಲ್ ಹಾಲು ಹಿಡಿದರೂ 40 ಪೈಸೆ ತಾನೇ? ಕಾಫಿ ಏರಿದ್ದು ಮಾತ್ರ ರೂಪಾಯಿ ಲೆಕ್ಕದಲ್ಲಿ! (ಪುಡಿ, ಗ್ಯಾಸು, ಬಾಡಿಗೆಯೂ ಏರಿವೆ, ಒಪ್ಪಿದೆ, ಆದರೂ ಹೊಟ್ಟೆ ಉರಿಯುತ್ತೆ.)

"ಏನಣ್ಣಾ, ದೋಸೆ ಸಣ್ಣಗಾಯ್ತಲ್ಲ?"

"ಇಲ್ಲ ಸಾರ್, ತಟ್ಟೆ ದೊಡ್ಡದು ತಂದಿದ್ದೀವಿ," ಅಂದ ಕ್ಯಾಶಿಯರ್.

ತಿಂಡಿಗೆ 5 ರೂಪಾಯಿ ಎಂದು 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನತ್ತ ಕಾಲು ಹಾಕಿದೆ. ಕ್ಯೂನಲ್ಲಿ ನನಗಿಂತ ಮುಂದೆ ಅದೇ ಕ್ಯಾಶಿಯರ್!