ಲೈನ್ ರಾಯರು

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಗಾಂಧಿನಗರದಲ್ಲಿ ನೌಕರಿ ಮಾಡಿದವರಿಗೆ ಲೈನ್ ರಾಯರು ಯಾರೆಂದು ಹೇಳಬೇಕಾಗಿಲ್ಲ. ಅವರು ಒಬ್ಬರಲ್ಲ. ಹೊರ ಊರಲ್ಲಿ ಬ್ರಾಂಚ್ ಇದ್ದ ಪ್ರತಿ ಕಂಪನಿಯಲ್ಲೂ ಒಬ್ಬೊಬ್ಬರು ಇರುತ್ತಿದ್ದರು. ಹುದ್ದೆ ಟೆಲಿಫೋನ್ ಆಪರೇಟರದೋ, ಅಕೌಂಟ್ಸ್ ಗುಮಾಸ್ತರದೋ, ಏನಾದರೂ ಆಗಿರಬಹುದು. ಗುರುತು ಮಾತ್ರ ಒಂದೇ. ದೂರದ ಊರಿಗೆ ಫೋನ್ ಮಾಡುವ ಹಳದಿ ಬೋರ್ಡಿನ ಎಸ್‌ಟಿಡಿ ಬೂತಿಗೆ ಯಾರಾದರೂ ನುಗ್ಗುವುದು ಕಂಡರೆ ಸಾಕು, ಮಗ ಸಾರಾಯಿ ಅಂಗಡಿ ಹೊಕ್ಕಿದ್ದನ್ನು ಕಂಡ ತಂದೆಯ ಮುಖವಾಗುತ್ತಿತ್ತು.

"ಏನ್ರೀ, ದುಡ್ಡು ಹೆಚ್ಚಾಗಿದೆಯಾ? ಬನ್ನಿ ಈಚೆ, ಒಂದು ಲೈನ್ ಹಾಕ್ಕೊಡ್ತೀನಿ."

ನಾನು ಕಂಡ ರಾಯರಿಗೆ ಊರುಗಳ ಹೆಸರು ಮರೆತೇಹೋಗಿತ್ತು, ಎಸ್‌ಟಿಡಿ ಕೋಡುಗಳಷ್ಟೇ ಉಳಿದಿದ್ದವು. "ನಿಮ್ಮ ಮಾವನ ಮನೆ 08182 ಅಲ್ವೇ?" ಎಂದರೆ ಶಿವಮೊಗ್ಗ. ಮೈಸೂರಿನ ಹೆಣ್ಣಾದರೆ "0821, ಒಳ್ಳೇ ಸಂಬಂಧ" ಎನ್ನುವರು. ಶಿರಸಿಯ ಗಂಡೆಂದರೆ "08384! ಐದಂಕಿ ರೀ, ಇನ್ನೊಂದು ಸಲ ಯೋಚನೆ ಮಾಡಿ" ಎಂದು ಹುಬ್ಬು ಗಂಟಿಕ್ಕುವರು. ಬೆಂಗಳೂರಿನ 0812 ಹೋಗಿ 080 ಆದ ದಿನ, ಒಂದಂಕಿ ಉಳಿಯಿತೆಂದು ನನಗೆ ಕಾಫಿ ಕೊಡಿಸಿದರು. ಬೈ ಟೂ.

ಅವರ ವಿದ್ಯೆ ಇಷ್ಟೇ. ಕಂಪನಿಯವರು ಟೆಲಿಫೋನ್ ಇಲಾಖೆಗೆ ಬಾಡಿಗೆ ಕಟ್ಟಿ, ಗಾಂಧಿನಗರದ ಆಫೀಸಿಗೂ ಮುಂಬಯಿ ಆಫೀಸಿಗೂ ನಡುವೆ ಒಂದು ಲೀಸ್ಡ್ ಲೈನ್ ಹಾಕಿಸಿದ್ದರು. ಮಾತಾಡಿದರೂ ಅದೇ ಬಾಡಿಗೆ, ಬಾಯಿ ಮುಚ್ಚಿಕೊಂಡಿದ್ದರೂ ಅದೇ ಬಾಡಿಗೆ. "ಬಾಡಿಗೆ ಕೊಟ್ಟ ಛತ್ರಾನ ಖಾಲಿ ಬಿಡ್ತಾರೇನ್ರೀ?" ಎನ್ನುವುದು ರಾಯರ ನ್ಯಾಯ. ನೀವು ಮಲ್ಲೇಶ್ವರದ ಮನೆಯಿಂದ ರಾಯರಿಗೆ ಫೋನ್ ಮಾಡಬೇಕು, ಅದು ಲೋಕಲ್. ರಾಯರು ಅದನ್ನು ಬೋರ್ಡಿನಲ್ಲಿ ಲೀಸ್ಡ್ ಲೈನಿಗೆ ಗಂಟು ಹಾಕುವರು. ಆ ಕಡೆ ಮುಂಬಯಿಯ ಆಪರೇಟರ್ ಮಾಟುಂಗಾದ ನಂಬರು ತಿರುಗಿಸಿ ಇನ್ನೊಂದು ಗಂಟು ಹಾಕುವನು, ಅದೂ ಲೋಕಲ್. ಎರಡು ಲೋಕಲ್ ಕಾಲ್ ಕೈಕೈ ಹಿಡಿದು ಸಾವಿರ ಕಿಲೋಮೀಟರ್ ದಾಟುತ್ತಿದ್ದವು.

ಇದು ತಪ್ಪೆಂದು ರಾಯರಿಗೆ ಗೊತ್ತಿತ್ತು. ಖಾಸಗಿ ಲೈನನ್ನು ಊರವರ ಫೋನಿಗೆ ಹೀಗೆ ಜೋಡಿಸಕೂಡದೆಂದು ಇಲಾಖೆಯ ನಿಯಮ, ಅದರ ಬೆನ್ನಿಗೆ 1885ರ ಟೆಲಿಗ್ರಾಫ್ ಕಾಯ್ದೆ. "ಆ ಕಾಯ್ದೆ ಬರೆದ ದೊರೆಗೆ ಮಾಟುಂಗಾದಲ್ಲಿ ನಾದಿನಿ ಇದ್ಲೇನ್ರೀ?" ಎಂದು ನಮ್ಮನ್ನೇ ಕೇಳುವರು. ಆದರೂ ಲೈನ್‌ಮನ್ ಬಂದ ದಿನ ಅವನಿಗೆ ಮಾತ್ರ ಫುಲ್ ಕಾಫಿ, ಜೊತೆಗೆ ಎರಡು ವಡೆ.

ಒಂದು ಗಣೇಶನ ಹಬ್ಬದ ಹಿಂದಿನ ಸಂಜೆ ನಮ್ಮಮ್ಮನನ್ನೇ ಆಫೀಸಿಗೆ ಕರೆತಂದೆ, ಮಾಟುಂಗಾದ ಚಿಕ್ಕಮ್ಮನ ಜೊತೆ ಮಾತಾಡಿಸಲು. ಇಷ್ಟೆಲ್ಲ ಗಂಟು ದಾಟಿ ಬರುವ ದನಿ ಬಾವಿಯೊಳಗಿನ ಕೊಡದಿಂದ ಬಂದಂತಿತ್ತು.

"ಕಡುಬು ಮಾಡಿದ್ಯೇನೇ?" ಎಂದು ಅಮ್ಮ ಕೂಗಿದಳು.

"ಆಂ? ಮದುವೆ ಮಾಡಿದ್ಯಾ? ಯಾರದ್ದೇ?"

"ಕಡುಬು ತಾಯೀ, ಕಡುಬು!" ರಾಯರು ನಡುವೆ ಬಾಯಿ ಹಾಕಿದರು. ಗಂಡಸಿನ ದನಿ ಕೇಳಿ ಚಿಕ್ಕಮ್ಮ ಇನ್ನಷ್ಟು ಗಾಬರಿಯಾದಳು. ಅಷ್ಟರಲ್ಲಿ ಕಂಪನಿಯ ಸಾಹೇಬರು ಯಾರೋ ಲೈನ್ ಕೇಳಿದರೆಂದು ಮುಂಬಯಿಯವನು ಗಂಟು ಬಿಚ್ಚಿಬಿಟ್ಟ. ಮಾರನೆಯ ದಿನ ಬೆಳಿಗ್ಗೆ 11ಕ್ಕೆ, ಪೂರ್ತಿ ರೇಟಿನ ಹೊತ್ತಿನಲ್ಲಿ, ನಮ್ಮ ಪಕ್ಕದ ಮನೆಗೆ ಚಿಕ್ಕಮ್ಮನ ಎಸ್‌ಟಿಡಿ ಬಂತು. ಇಪ್ಪತ್ತು ನಿಮಿಷ. ಕದ್ದುಮುಚ್ಚಿ ಯಾರ ಮದುವೆ ಮಾಡಿದ್ದೀರಿ ಎಂದು.

ಎದುರು ಮಹಡಿಯಲ್ಲಿ ಸಿನಿಮಾ ಹಂಚಿಕೆದಾರರ ಆಫೀಸು. ದಾವಣಗೆರೆ, ಹುಬ್ಬಳ್ಳಿ ಟಾಕೀಸುಗಳ ಕಲೆಕ್ಷನ್ ತಿಳಿಯಲು ಅವರು ರಾತ್ರಿ 11ಕ್ಕೆ ಎಸ್‌ಟಿಡಿ ರೇಟು ಕಾಲು ಭಾಗಕ್ಕೆ ಇಳಿಯಲೆಂದು ಕಾದು ತೂಕಡಿಸುತ್ತಿದ್ದರು. ರಾಯರ ಲೀಸ್ಡ್ ಲೈನು ಆ ಊರುಗಳಿಗೆ ಹೋಗುತ್ತಿರಲಿಲ್ಲ. ಹಾಗೆಂದು ಸುಮ್ಮನಿರುವ ಜೀವವೇ? "ಒಂದು ರಿಂಗ್ ಕೊಟ್ಟು ಕಟ್ ಮಾಡಿದ್ರೆ ಹೌಸ್‌ಫುಲ್. ಎರಡು ಅಂದ್ರೆ ಅರ್ಧ ಟಾಕೀಸು. ಬಡ್ಕೊಳ್ತಾನೇ ಇದ್ರೆ ಎತ್ತಬೇಡಿ, ರೀಲ್ ಡಬ್ಬ ವಾಪಸ್ ಕಳಿಸ್ತಿದ್ದಾರೆ ಅಂತ." ಆ ವರ್ಷ ಅವರ ಚಿತ್ರಗಳು ಹೇಗೆ ಓಡಿದವೆಂದು ಇಡೀ ರಸ್ತೆಗೆ ಕೇಳಿಸುತ್ತಿತ್ತು.

2006ರ ಮಾರ್ಚ್‌ನಲ್ಲಿ ಬಿಎಸ್‌ಎನ್‌ಎಲ್‌ನವರು ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ 1 ರೂಪಾಯಿ ಎಂದರು. ಊರೆಲ್ಲ ಹಿಗ್ಗಿತು. ರಾಯರು ಮಾತ್ರ ಪೇಪರನ್ನು ಎರಡು ಸಲ ಓದಿ, ಮಡಚಿ ಕಂಕುಳಲ್ಲಿಟ್ಟುಕೊಂಡು, "ಎಲ್ಲರಿಗೂ ಸಿಕ್ಕಿದ ಮೇಲೆ ಅದೇನು ಸ್ವಾರಸ್ಯ" ಎಂದರು. ಆಮೇಲೆ ರಿಟೈರ್ ಆದರು.

ಮೊನ್ನೆ ಸಂಜೆ ಅವರ ನಂಬರಿನಿಂದ ನನ್ನ ಮೊಬೈಲ್ ಒಮ್ಮೆ ಕುಂಯ್ ಅಂದು ನಿಂತಿತು. ವಯಸ್ಸಾದವರು, ಏನಾಯಿತೋ ಎಂದು ಗಾಬರಿಯಿಂದ ತಿರುಗಿ ಮಾಡಿದೆ. ಹಿಂದೆ ಮಕ್ಕಳ ಗಲಾಟೆಯೋ ಗಲಾಟೆ.

"ನೀವ್ಯಾಕ್ರೀ ಮಾಡಿದ್ರಿ?" ರಾಯರು ರೇಗಿದರು. "ಒಂದು ರಿಂಗ್ ಕೊಟ್ಟೆನಲ್ಲ. ಮೊಮ್ಮಕ್ಕಳು ಬಂದಿದ್ದಾರೆ ಅಂತ. ಹೌಸ್‌ಫುಲ್!"