ವಿರಳಶಕಟ ಮೌಲ್ಯಕ್ಷಯ ಮೀಮಾಂಸೆ: ಉರಿಗಾಂ ಪ್ರಾಂತ್ಯವನ್ನು ಅನುಲಕ್ಷಿಸಿ ಒಂದು ಅಧ್ಯಯನ

ಯಾವುದೇ ಶಕಟವು ವಿಕ್ರಯಾಲಯದ ಹೊಸ್ತಿಲು ದಾಟಿದ ಮುಹೂರ್ತದಿಂದಲೇ ಮೌಲ್ಯಕ್ಷಯಕ್ಕೆ ಪಕ್ಕಾಗುತ್ತದೆ ಎಂಬುದು ಈ ಶಾಸ್ತ್ರದ ಪ್ರಥಮ ಸೂತ್ರ. ಬಂಗಾರಪೇಟೆಯ ಯಾವ ಮೆಕ್ಯಾನಿಕ್‌ನನ್ನು ಕೇಳಿದರೂ ಇದನ್ನೇ ‘ಶೋರೂಮಿಂದ ಈಚೆ ಬಂದ್ರೆ ರೇಟ್ ಬಿತ್ತು ಅಂತಾನೇ ಲೆಕ್ಕ ಅಣ್ಣಾ’ ಎಂದು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡದೆ ಹೇಳಿ ಮುಗಿಸುತ್ತಾನೆ. ಆದರೆ ಒಂದು ಸಾಲಿಗೆ ಮುಗಿಯುವ ಜ್ಞಾನಕ್ಕೆ ಡಾಕ್ಟರೇಟ್ ಕೊಡುವ ವಿಶ್ವವಿದ್ಯಾಲಯ ಎಲ್ಲಿದೆ? ಶುಲ್ಕ ಕೊಡುವ ಕಂಪನಿ ಎಲ್ಲಿದೆ? ಆದಕಾರಣ ಈ ಅಧ್ಯಯನ.

ಸೀಮಿತ ಸಂಖ್ಯೆಯಲ್ಲಿ ತಯಾರಾದ ಅತಿದುಬಾರಿ ಸ್ಪೋರ್ಟ್ಸ್ ಕಾರುಗಳ ಮರುಮಾರಾಟ ಬೆಲೆಯನ್ನು ಶೋಧಿಸುವುದು ಇದರ ಉದ್ದೇಶ; ಕ್ಷೇತ್ರ ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಉರಿಗಾಂ. ಉರಿಗಾಂನಲ್ಲಿ ಫೆರಾರಿ ಎಲ್ಲಿದೆ ಎಂಬ ಪೂರ್ವಪಕ್ಷ ಏಳಬಹುದು. ಕ್ಷೇತ್ರದಲ್ಲಿ ಇಲ್ಲದ ವಸ್ತುವಿನ ಮೇಲೆ ಕ್ಷೇತ್ರಕಾರ್ಯ ಮುಗಿಸಿ ಪದವಿ ಪಡೆದವರು ನಾಡಿನಲ್ಲಿ ಬೇಕಾದಷ್ಟಿದ್ದಾರೆ ಎಂಬುದು ಅದಕ್ಕೆ ಉತ್ತರಪಕ್ಷ.

ಪೂರ್ವಸೂರಿಗಳಲ್ಲಿ ಅಗ್ರಗಣ್ಯವಾದದ್ದು ನಮ್ಮ ಮೋಟಾರು ವಿಮೆಯ ಸವಕಳಿ ಪಟ್ಟಿ. ಕಾರಿಗೆ ಆರು ತಿಂಗಳು ತುಂಬುವ ಮೊದಲೇ ಶೇ. 5 ಹೋಯಿತು. ವರ್ಷದೊಳಗೆ ಶೇ. 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಐದು ದಾಟಿದರೆ ಪಟ್ಟಿ ಮೌನ ವಹಿಸುತ್ತದೆ. ವಿಮಾ ಕಂಪನಿಯೂ ಮಾಲೀಕನೂ ಕೂತು ಮಾತಾಡಿಕೊಳ್ಳಬೇಕು. ಬಿಡಿಭಾಗಗಳಿಗೆ ಬೇರೆ ವಿಧಿ: ರಬ್ಬರು, ನೈಲಾನು, ಪ್ಲಾಸ್ಟಿಕ್ಕು, ಬ್ಯಾಟರಿಗಳಿಗೆ ಶೇ. 50, ಫೈಬರ್‌ಗ್ಲಾಸಿಗೆ 30, ಗಾಜಿಗೆ ಸೊನ್ನೆ. ಲೋಹ ಅನಿತ್ಯ, ರಬ್ಬರು ಅನಿತ್ಯ, ಗಾಜೊಂದೇ ನಿತ್ಯ. ಉಪನಿಷತ್ತುಗಳಿಗೂ ಹೊಳೆಯದ ಈ ದರ್ಶನವನ್ನು ಕ್ಲೇಮಿನ ಫಾರಂ ತುಂಬುವಾಗ ಪ್ರತಿಯೊಬ್ಬ ಕಾರು ಮಾಲೀಕನೂ ಸಾಕ್ಷಾತ್ಕರಿಸಿಕೊಳ್ಳುತ್ತಾನೆ.

ಇನ್ನು ಆದಾಯ ತೆರಿಗೆಯ ಸಂಪ್ರದಾಯ. ವ್ಯಾಪಾರಕ್ಕೆ ಬಳಸುವ ಕಾರಿಗೆ ವರ್ಷಕ್ಕೆ ಶೇ. 15, ಅದೂ ಉಳಿದ ಬೆಲೆಯ ಮೇಲೆ. ಉಳಿದದ್ದರ ಮೇಲೆ ಮಾತ್ರ ಕಳೆಯುತ್ತ ಹೋದರೆ ಸೊನ್ನೆ ಎಂದಿಗೂ ಬರುವುದಿಲ್ಲ. ಕಾರು ಗುಜರಿಗೆ ಹೋಗಿ ಕರಗಿ ಕಂಬಿಯಾದ ಮೇಲೂ ಲೆಕ್ಕದ ಪುಸ್ತಕದಲ್ಲಿ ಅದರ ಆತ್ಮ ನಾಲ್ಕಾರು ರೂಪಾಯಿಯ ರೂಪದಲ್ಲಿ ಅಲೆಯುತ್ತಿರಬಹುದು.

ಮೇಲ್ಕಂಡ ಪ್ರಮಾಣಗಳ ಆಧಾರದಿಂದ ಶಕಟಗಳನ್ನು ಪಂಚವಿಧವಾಗಿ ವಿಂಗಡಿಸಲಾಗಿದೆ. ಮೊದಲನೆಯದು ಸಹಜಪತನಶೀಲ. ಇದು ಓದುಗರ ಮನೆ ಮುಂದೆಯೇ ನಿಂತಿರುವುದರಿಂದ ವಿವರಣೆ ಅನವಶ್ಯಕ.

ಎರಡನೆಯದು ಅನುದ್ದಿಷ್ಟವಿರಳ, ಅಂದರೆ ಕೊಳ್ಳುವವರು ಬಾರದೆ ವಿರಳವಾದದ್ದು. ಇದಕ್ಕೆ ಉದಾಹರಣೆ ಹುಡುಕಲು ಇಟಲಿಗೆ ಹೋಗಬೇಕಿಲ್ಲ. ಬೆಂಗಳೂರು ಮೂಲದ ಸ್ಯಾನ್ ಮೋಟರ್ಸ್ 1998ರಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ತೆರೆದ ಕಾರನ್ನು ಹೊರತಂದಿತು. ಫ್ರಾನ್ಸಿನವರ ವಿನ್ಯಾಸ, ರೆನೋ ಕಂಪನಿಯ 1,149 ಸಿಸಿ ಎಂಜಿನ್, ಸುಮಾರು 60 ಅಶ್ವಶಕ್ತಿ, ಫೈಬರ್‌ಗ್ಲಾಸಿನ ಮೈ, ತಯಾರಾದದ್ದು ಗೋವಾದಲ್ಲಿ. ಈ ನಾಡಿನ ಒಂದು ಸಂಸ್ಥೆ ಸ್ಪೋರ್ಟ್ಸ್ ಕಾರು ಮಾಡುವ ಧೈರ್ಯ ತೋರಿತ್ತು ಎಂಬುದೇ ಇಂದು ಹಲವರಿಗೆ ತಿಳಿಯದು. ಸಂಖ್ಯೆಯ ಲೆಕ್ಕದಲ್ಲಿ ಎಷ್ಟೋ ಫೆರಾರಿಗಳಿಗಿಂತ ಅಪರೂಪದ ವಸ್ತು. ಹಾಗಿದ್ದೂ ಅದಕ್ಕೆ ಕೋಟಿಗಟ್ಟಲೆ ಕೂಗಿದವರಿಲ್ಲ. ವಿರಳತೆಯಿಂದ ಬೆಲೆ ಹುಟ್ಟುತ್ತದೆ ಎಂಬ ಪಾಠಪುಸ್ತಕದ ಸೂತ್ರ ಇಲ್ಲಿಗೇ ಮುರಿದು ಬೀಳಬೇಕಿತ್ತು. ಶಾಸ್ತ್ರಜ್ಞರು ಅದನ್ನು ‘ಅಪವಾದ’ ಎಂದು ಕರೆದು ಮುಂದೆ ನಡೆದರು.

ಮೂರನೆಯದು ಘೋಷಿತವಿರಳ. ಫೆರಾರಿ ಎಫ್40 ಬಂದಾಗ 400 ಕಾರುಗಳಷ್ಟೇ ಎಂಬ ಮಾತಿತ್ತು. ಕೊನೆಗೆ ಬಂದವು 1,300ಕ್ಕೂ ಹೆಚ್ಚು. ಜಾಗ್ವಾರ್ ಎಕ್ಸ್‌ಜೆ220ದ್ದು ಇನ್ನೂ ರಸವತ್ತಾದ ಕಥೆ. 1980ರ ದಶಕದ ಕೊನೆಯಲ್ಲಿ ಜನ 50,000 ಪೌಂಡ್ ಮುಂಗಡ ಕಟ್ಟಿ ಸರದಿ ನಿಂತರು. ಕೈಗೆ ಕಾರು ಬರುವ ಹೊತ್ತಿಗೆ ಹನ್ನೆರಡು ಸಿಲಿಂಡರ್ ಹೋಗಿ ಆರಾಗಿತ್ತು, ನಾಲ್ಕೂ ಗಾಲಿಗೆ ಶಕ್ತಿ ಎಂಬ ಭರವಸೆ ಎರಡಕ್ಕೆ ಇಳಿದಿತ್ತು, ಬೆಲೆ ಮಾತ್ರ 4,70,000 ಪೌಂಡ್‌ಗೆ ಏರಿತ್ತು. ಅಷ್ಟರಲ್ಲಿ ಆರ್ಥಿಕ ಕುಸಿತವೂ ಬಂತು. ಕೊಂಡು ಮರುದಿನ ಲಾಭಕ್ಕೆ ಮಾರುವ ಲೆಕ್ಕ ಹಾಕಿದ್ದವರು ಕೋರ್ಟಿನ ಮೆಟ್ಟಿಲು ಹತ್ತಿ, ತಮಗೆ ಕಾರೇ ಬೇಡ ಎಂದರು.

ನಾಲ್ಕನೆಯದು ಪರಮವಿರಳ: 36 ಮಾತ್ರ ತಯಾರಾದ ಫೆರಾರಿ 250 ಜಿಟಿಒ, 106ಕ್ಕೆ ನಿಂತ ಮೆಕ್‌ಲಾರೆನ್ ಎಫ್1. 2018ರ ಹರಾಜಿನಲ್ಲಿ ಜಿಟಿಒ ಒಂದು 4.84 ಕೋಟಿ ಡಾಲರಿಗೆ ಹೋಯಿತು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಇರುವ ತಾತ್ತ್ವಿಕ ಭೇದವನ್ನು ನಿರೂಪಿಸಲು ಪ್ರಬಂಧಕಾರರು ಎಂಟು ಪುಟ ಬರೆದಿದ್ದರು. ಓದಿ ನೋಡಿದಾಗ, ಮೊದಲೇ ದುಡ್ಡಿದ್ದವನು ತನ್ನಂತೆಯೇ ದುಡ್ಡಿದ್ದ ಇನ್ನೊಬ್ಬನಿಗೆ ಮಾರಿದ ಎಂಬುದಕ್ಕಿಂತ ಹೆಚ್ಚೇನೂ ಅದರಲ್ಲಿ ಇರಲಿಲ್ಲ. ಎಂಟು ಪುಟಗಳನ್ನೂ ಕೈಬಿಡಲಾಗಿದೆ.

ಐದನೆಯ ವರ್ಗದಲ್ಲಿ ಉರಿಗಾಂ ಪ್ರವೇಶಿಸುತ್ತದೆ.

ಇದರ ಹೆಸರು ಸ್ಪರ್ಶಮೂಲ್ಯ. ನಿರ್ದೇಶಕ ವಿಧು ವಿನೋದ್ ಚೋಪ್ರಾ 2007ರಲ್ಲಿ ‘ಏಕಲವ್ಯ’ ಚಿತ್ರದ ನಂತರ ಅಮಿತಾಭ್ ಬಚ್ಚನ್ ಅವರಿಗೆ ಒಂದು ರೋಲ್ಸ್‌ರಾಯ್ಸ್ ಫ್ಯಾಂಟಮ್ ಉಡುಗೊರೆ ಕೊಟ್ಟರು. ಫ್ಯಾಂಟಮ್ ಸ್ಪೋರ್ಟ್ಸ್ ಕಾರಲ್ಲ ಎಂಬ ಆಕ್ಷೇಪವನ್ನು ಅಡಿಟಿಪ್ಪಣಿಯಲ್ಲಿ ಪರಿಹರಿಸಲಾಗುವುದು. ಅಡಿಟಿಪ್ಪಣಿಗಳನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ. ಆ ಕಾರು ಕೊನೆಗೆ ಬಂದು ಸೇರಿದ್ದು ಕೆಜಿಎಫ್ ಬಾಬು ಎಂದೇ ನಾಡಿಗೆ ಪರಿಚಿತರಾದ, ಗುಜರಿ ವ್ಯಾಪಾರದಿಂದ ಮೇಲೆ ಬಂದ ಯೂಸುಫ್ ಷರೀಫ್ ಅವರ ಕೈಗೆ. ಆರು ಕೋಟಿ ಕೊಟ್ಟದ್ದಾಗಿ ವರದಿಯಾಯಿತು. 2021ರ ವಿಧಾನ ಪರಿಷತ್ ಚುನಾವಣೆಗೆ ಅವರು ಘೋಷಿಸಿದ ಆಸ್ತಿ 1,743 ಕೋಟಿ. ವಿಮಾ ಪಟ್ಟಿಯೇ ಕೈಚೆಲ್ಲಿದ ವಯಸ್ಸಿನ ಕಾರಿಗೆ ಆರು ಕೋಟಿ ಹೇಗೆ ಬಂತು? ಇದಕ್ಕಾಗಿ ಪ್ರಬಂಧಕಾರರು ಒಂದು ಸಮೀಕರಣವನ್ನು ರೂಪಿಸಿದ್ದಾರೆ:

ಮೌ = (ಮೂ − ಸ) × ತಾ

ಇಲ್ಲಿ ಮೂ ಎಂದರೆ ಮೂಲಬೆಲೆ, ಸ ಎಂದರೆ ಸವಕಳಿ, ತಾ ಎಂದರೆ ತಾರಾಸ್ಪರ್ಶ ಗುಣಾಂಕ. ಬಚ್ಚನ್ ಕೂತ ಸೀಟಿಗೆ ತಾ ಬಹಳ ಎತ್ತರ. ಎಲ್ಲ ಪ್ರಸಿದ್ಧರಿಗೂ ಇದು ಅನ್ವಯಿಸದು. ವಿಜಯ್ ಮಲ್ಯ ದೇಶ ಬಿಟ್ಟ ಮೇಲೆ, 2017ರಲ್ಲಿ ಅವರ ಎರಡು ಕಾರುಗಳನ್ನು ಹುಬ್ಬಳ್ಳಿಯ ಉದ್ಯಮಿಯೊಬ್ಬರು ಹರಾಜಿನಲ್ಲಿ ಕೊಂಡದ್ದು ಒಟ್ಟು 1.40 ಲಕ್ಷಕ್ಕೆ, ಅದರಲ್ಲಿ ಸೊನಾಟಾ ಕಾರಿನ ಪಾಲು 40 ಸಾವಿರ. ಸಾಲದ ಹರಾಜಿಗೆ ಬಂದ ಕಾರಿನಲ್ಲಿ ತಾ ಒಂದಕ್ಕಿಂತ ಕೆಳಗಿಳಿಯುತ್ತದೆ ಎಂಬುದು ಈ ಅಧ್ಯಯನದ ಸ್ವೋಪಜ್ಞ ಕೊಡುಗೆ.

ಸಮೀಕರಣದಲ್ಲಿ ಸೇರದ ಒಂದು ಚರಾಂಶ ಉಂಟು: ಆರ್‌ಟಿಒ. ಹೊರರಾಜ್ಯದ ನೋಂದಣಿಯ ಗಾಡಿ ವರ್ಷ ಮೀರಿ ಕರ್ನಾಟಕದಲ್ಲಿ ಓಡಿದರೆ ಇಲ್ಲಿನ ಜೀವಿತಾವಧಿ ತೆರಿಗೆ ಕಟ್ಟಬೇಕು. ಫ್ಯಾಂಟಮ್ 2021ರ ಆಗಸ್ಟಿನಲ್ಲಿ ಬೆಂಗಳೂರಿನ ತಪಾಸಣೆಯಲ್ಲಿ ಸಿಕ್ಕಿಬಿತ್ತು. 2025ರ ಜುಲೈನಲ್ಲಿ ಅದಕ್ಕೂ, ಆಮಿರ್ ಖಾನ್ ಬಳಿ ಇದ್ದದ್ದೆನ್ನಲಾದ ಇನ್ನೊಂದು ರೋಲ್ಸ್‌ರಾಯ್ಸ್ ಘೋಸ್ಟ್‌ಗೂ ಸೇರಿ ಅಧಿಕಾರಿಗಳು ಕೇಳಿದ್ದು 38.26 ಲಕ್ಷ ರೂಪಾಯಿ. ದಾಖಲೆಗಳಲ್ಲಿ ಮಾಲೀಕರ ಹೆಸರು ಇನ್ನೂ ಆ ನಟರದ್ದೇ ಇತ್ತು. ಅದೇ ತಿಂಗಳು ಬೆಂಗಳೂರಿನ ಒಂದು ಕೆಂಪು ಫೆರಾರಿ ಎಸ್‌ಎಫ್90ರ ಮಾಲೀಕರು ಕಟ್ಟಿದ ತೆರಿಗೆ ಸುಮಾರು 1.42 ಕೋಟಿ. ಕಾರಿನ ಬೆಲೆ ಇಳಿದಿದೆ ಎಂದು ವಿಮಾ ಪಟ್ಟಿ, ಏರಿದೆ ಎಂದು ಹರಾಜುಗಾರ, ಇರಲಿ ಮೊದಲು ಟ್ಯಾಕ್ಸ್ ಕಟ್ಟಿ ಎಂದು ಇನ್‌ಸ್ಪೆಕ್ಟರು.

ಇಷ್ಟರಲ್ಲಿ ಕೊನೆಯ ಅಧ್ಯಾಯ: ಜೀರ್ಣತೆಯ ಸೌಂದರ್ಯಮೀಮಾಂಸೆ. ಹರಾಜು ಕ್ಯಾಟಲಾಗುಗಳು ಬಣ್ಣ ಸುಲಿದ ಮೈಯನ್ನು ‘ಪಟಿನಾ’ ಎನ್ನುತ್ತವೆ. ಪಶ್ಚಿಮ ಫ್ರಾನ್ಸಿನ ಬಯೋನ್ ಕುಟುಂಬದ ಜಮೀನಿನಲ್ಲಿ ದಶಕಗಳ ಕಾಲ ಹಳೆಯ ಮ್ಯಾಗಜೀನುಗಳ ರಾಶಿಯಡಿ ಬಿದ್ದಿದ್ದ 1961ರ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಇದರ ಪರಮೋದಾಹರಣೆ. ನಟ ಅಲೇನ್ ಡೆಲಾನ್ ಅದರ ಹಿಂದಿನ ಒಡೆಯ. ಸಿಕ್ಕ ಸ್ಥಿತಿಯಲ್ಲೇ, ಧೂಳು ಒರೆಸದೆಯೇ ಅದನ್ನು ಪ್ಯಾರಿಸ್ಸಿನಲ್ಲಿ ಪ್ರದರ್ಶನಕ್ಕಿಟ್ಟರು. 2015ರ ಫೆಬ್ರವರಿಯಲ್ಲಿ ಅದು 1.63 ಕೋಟಿ ಯೂರೋಗೆ ಹೋಯಿತು. ಧೂಳಿಗೂ ಬೆಲೆ ಬಂತು, ಏಕೆಂದರೆ ಅದು ಅಸಲಿ ಧೂಳು.

ಅಸಲಿ ಧೂಳು ಬೇಕಿದ್ದರೆ ಅಷ್ಟು ದೂರ ಹೋಗಬೇಕಿರಲಿಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲು ಹತ್ತಿ ಉರಿಗಾಂನಲ್ಲಿ ಇಳಿದರೆ ಸಾಕಿತ್ತು. ಗಾಳಿ ಎದ್ದ ದಿನ ಗಣಿ ತ್ಯಾಜ್ಯದ ಸೈನೈಡ್ ಗುಡ್ಡದ ಬೂದಿಬಣ್ಣದ ಪುಡಿ ಕಾರ್ಮಿಕರ ಲೈನ್ ಮನೆಗಳ ಅಂಗಳದಲ್ಲಿ ಒಗೆದು ಹಾಕಿದ ಪಂಚೆ, ಸೀರೆ, ಸ್ಕೂಲ್ ಯೂನಿಫಾರಂ ಎನ್ನದೆ ಕೂರುತ್ತದೆ. ಕೊಡವಿದರೆ ಕೈಗೆ ಮೈದಾಹಿಟ್ಟಿನ ಹಾಗೆ ಹತ್ತುತ್ತದೆ. ಇದು ಹೊರಗಿನ ಧೂಳು. ಒಳಗಿನದು ಬೇರೆ. ಬಿಳಿಕಲ್ಲಿನ ಬಂಡೆಗೆ ಡ್ರಿಲ್ಲು ಹಾಕಿ ಚಿನ್ನ ತೆಗೆದವರ ಎದೆಯೊಳಗೆ ಇಳಿದು, ರಿಟೈರ್ ಆದ ಮೇಲೂ ಬಿಡದೆ, ಮೂರು ಮೆಟ್ಟಿಲು ಹತ್ತಿದರೆ ಕೂತುಬಿಡುವಂತೆ ಮಾಡಿದ ಸಿಲಿಕೋಸಿಸ್‌ನ ಧೂಳು ಅದು. ಅದನ್ನು ಯಾರೂ ಪಟಿನಾ ಎನ್ನಲಿಲ್ಲ. ವಿಮಾ ಪಟ್ಟಿಯಲ್ಲಿ ರಬ್ಬರಿಗೆ ಒಂದು ಸಾಲಿದೆ, ಬ್ಯಾಟರಿಗೆ ಒಂದು ಸಾಲಿದೆ. ಪುಪ್ಪುಸಕ್ಕೆ ಯಾವ ಸಾಲು ಸ್ವಾಮಿ?

ಕ್ಯಾಟಲಾಗಿನವರು ಮೆಚ್ಚುವ ಪೂರ್ವಚರಿತ್ರೆ ಈ ಊರಿಗಿಲ್ಲವೆಂದೇ? 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸ ವಹಿಸಿಕೊಂಡಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ನೂರ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದಾಟಿ ಮೊದಲು ಬಂದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಹತ್ತಿದ್ದು 1905ರಲ್ಲಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತು. ತಳದ ಬಂಡೆಯ ಕಾವು ಅರವತ್ತು ಡಿಗ್ರಿ ಮೀರುತ್ತಿತ್ತು. ಬಂಡೆ ಸಿಡಿದರೆ ಕೆಳಗಿದ್ದವರ ಗತಿ ಅಷ್ಟೆ. ಅದೇ ಗಣಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಹಿಡಿದರು. ನೂರ ಇಪ್ಪತ್ತು ವರ್ಷಗಳಲ್ಲಿ ಹೊರಬಂದ ಚಿನ್ನ ಸುಮಾರು 800 ಟನ್. ಇಷ್ಟು ಚರಿತ್ರೆ ಒಂದು ಕಾರಿಗೆ ಇದ್ದಿದ್ದರೆ ಲಂಡನ್ನಿನ ಹರಾಜುಗಾರ ಅದರ ಸ್ಟೆಪ್ನಿಯನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದ.

ಉರಿಗಾಂಗೆ ಬಂದದ್ದು ಗುಜರಿಯ ರೇಟು. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತೆಂಬ ಲೆಕ್ಕದ ಮೇಲೆ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ಪಂಪು ನಿಂತವು, ಶಾಫ್ಟುಗಳಿಗೆ ನೀರು ತುಂಬಿತು. ಊರಿನ ದುಡಿಯುವ ವಯಸ್ಸಿನವರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳಿ ಬರುವುದು ಅಭ್ಯಾಸವಾಯಿತು. ಇದನ್ನು ಸಮೀಕರಣಕ್ಕೆ ಅಳವಡಿಸಲು ಪ್ರಬಂಧಕಾರರು ಯತ್ನಿಸಿದರು. ತಾ ಇಲ್ಲ. ಬಚ್ಚನ್ ಗಣಿಯ ಕೇಜಿನಲ್ಲಿ ಇಳಿದಿರಲಿಲ್ಲ. ಇಳಿದವರ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು.

ತಮಾಷೆ ಏನೆಂದರೆ, ಅಂದು ಬಿಸಾಡಿದ ಕಸಕ್ಕೇ ಈಗ ಮರುಮಾರಾಟ ಮೌಲ್ಯ ಬಂದಿದೆ. 13 ಗುಡ್ಡಗಳಲ್ಲಿ ಬಿದ್ದಿರುವ ಮೂರು ಕೋಟಿ ಟನ್ನಿಗೂ ಮಿಕ್ಕಿದ ತ್ಯಾಜ್ಯದಿಂದ ಮತ್ತೆ ಚಿನ್ನ ಸೋಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು; ವ್ಯಾಪ್ತಿ ಸಾವಿರ ಎಕರೆಗೂ ಹೆಚ್ಚು. ಮೌಲ್ಯಮಾಪಕರು ಬರುತ್ತಾರೆ, ಬರಲಿ. ಟನ್ನಿಗೆ ಎಷ್ಟು ಗ್ರಾಂ ಎಂದು ಬರೆದುಕೊಳ್ಳುತ್ತಾರೆ. ಅವರ ಜೀಪು ಗುಡ್ಡಕ್ಕೆ ಹೋಗುವ ದಾರಿ ಲೈನ್ ಮನೆಗಳನ್ನು ಹಾದೇ ಹೋಗುತ್ತದೆ. ಆ ಮನೆಗಳಲ್ಲಿ ಮಾಜಿ ಕಾರ್ಮಿಕರ ಕುಟುಂಬಗಳು ಹಕ್ಕುಪತ್ರ ಕೊಡಿ ಎಂದು ಗಣಿ ಮುಚ್ಚಿದಂದಿನಿಂದ ಕೇಳುತ್ತಲೇ ಇವೆ. ಫ್ಯಾಂಟಮ್‌ನ ಕಾಗದದಲ್ಲಿ ಹಳೆಯ ಮಾಲೀಕನ ಹೆಸರು ಉಳಿದದ್ದಕ್ಕೆ ಕಾರಿನ ಸುದ್ದಿ ರಾಷ್ಟ್ರೀಯ ಚಾನೆಲ್‌ಗಳಲ್ಲಿ ಓಡಿತು. ಈ ಮನೆಗಳ ಕಾಗದದಲ್ಲೂ ಹಳೆಯ ಮಾಲೀಕನದ್ದೇ ಹೆಸರಿದೆ, ಬಾಗಿಲು ಮುಚ್ಚಿದ ಕಂಪನಿಯದ್ದು. ಇದರ ವರ್ಗಾವಣೆಗೆ ಯಾವ ಫಾರಂ ತುಂಬಬೇಕೆಂದು ಯಾವ ಕೌಂಟರಿನಲ್ಲೂ ಹೇಳುವುದಿಲ್ಲ.